ಹಿಂದಿನಿಂದ ಗುದ್ದಿಸಿಕೊಂಡ ಕಾರು: ರಿಪೇರಿ ಮಾಡಿಸೋದಾ, ಬಿಡೋದಾ?

ಪ್ರಶ್ನೆ: ಸಿಗ್ನಲ್‌ನಲ್ಲಿ ನಿಂತಿದ್ದಾಗ ಲಾರಿ ಹಿಂದಿನಿಂದ ಗುದ್ದಿದೆ. ಬಂಪರ್ ಪುಡಿಪುಡಿ, ಡಿಕ್ಕಿ ಮುಚ್ಚಲ್ಲ, ಸ್ಟೆಪ್ನಿ ಇಡುವ ಜಾಗದ ತಗಡು ಮಡಚಿಕೊಂಡಿದೆ. ಎಡಗಡೆ ಹಿಂದಿನ ಬಾಗಿಲು ಉಜ್ಜಿಕೊಂಡು ತೆರೆಯುತ್ತೆ. ಗ್ಯಾರೇಜಿನವರು ಎಳೆದು, ಪುಟ್ಟಿ (ತಗ್ಗು ತುಂಬುವ ಪೇಸ್ಟ್) ಹಾಕಿ, ಪೇಂಟ್ ಹೊಡೆದರೆ ಸಾಕು ಅಂತಿದ್ದಾರೆ. ನಂಬಬಹುದಾ?

ಉತ್ತರ 1: ಬಾಗಿಲು ಉಜ್ಜುತ್ತಿದೆ ಅಂದ್ರೆ ಪೆಟ್ಟು ಡಿಕ್ಕಿಗೇ ನಿಂತಿಲ್ಲ ಗುರು. ಪೇಂಟ್ ಮಾತು ಆಮೇಲೆ. ಮೊದಲು ಫ್ರೇಮ್ ಬೆಂಚ್ (ಕಾರಿನ ಚೌಕಟ್ಟು ಅಳೆಯುವ ಯಂತ್ರ) ಮೇಲೆ ಹತ್ತಿಸಿ, ಕಂಪನಿ ಕೊಟ್ಟ ಅಳತೆಗೆ ಚಾಸಿ, ಅಂದ್ರೆ ಆ ಚೌಕಟ್ಟು, ಹೊಂದುತ್ತಾ ಅಂತ ನೋಡಿಸಿ, ಆ ಅಳತೆಯ ಪ್ರಿಂಟ್ ಕೈಗೆ ಇಸ್ಕೊಳ್ಳಿ. ಸುಮ್ನೆ ಕಣ್ಣಳತೆ ಆಗಲ್ಲ. ರೂಫ್ ಮತ್ತು ಹಿಂದಿನ ಕಂಬ ಸೇರುವಲ್ಲಿ ಪೇಂಟ್ ಸುಕ್ಕಾಗಿದೆಯಾ ನೋಡಿ, ಆಗಿದ್ರೆ ಒಳಗಿನ ಚೌಕಟ್ಟೂ ಬಾಗಿರಬಹುದು.

ಉತ್ತರ 2: ಅದರ ಜೊತೆ, ಈಗಿನ ಕಾರುಗಳಲ್ಲಿ ಹಲವು ಕಡೆ ಹೈ ಸ್ಟ್ರೆಂತ್ ಸ್ಟೀಲ್ ಇರುತ್ತೆ, ಅದನ್ನು ಗ್ಯಾಸ್‌ನಲ್ಲಿ ಕಾಯಿಸಿ ನೆಟ್ಟಗೆ ಮಾಡಿದ್ರೆ ಬಲ ಹೋಗುತ್ತೆ, ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ. ಮಡಚಿದ ಭಾಗ ಕತ್ತರಿಸಿ ಹೊಸದು ವೆಲ್ಡ್ ಮಾಡಬೇಕು, ಜೋಡಣೆಗೆ ಸೀಲರ್, ಒಳಗಡೆ ತುಕ್ಕು ತಡೆಯುವ ಕೋಟಿಂಗ್. ಇದನ್ನು ಬಿಟ್ರೆ ಡಿಕ್ಕಿಗೆ ನೀರು ಇಳಿಯುತ್ತೆ.

ಉತ್ತರ 3: ಸೀಟು, ಬೆಲ್ಟು ಮರೀಬೇಡಿ. ಗುದ್ದಿದ ರಭಸಕ್ಕೆ ಮುಂದಿನ ಸೀಟಿನ ಬೆನ್ನು ಬಾಗಿರಬಹುದು. ಪೆಟ್ರೋಲ್ ಟ್ಯಾಂಕ್, ಅದರ ಪೈಪು ಕೂಡ ನೋಡಿಸಿ. ಇನ್ಶೂರೆನ್ಸ್ ಸರ್ವೇಯರ್ (ನಷ್ಟ ಅಂದಾಜು ಮಾಡೋರು) ನೋಡೋ ತನಕ ಏನೂ ಬಿಚ್ಚಿಸಬೇಡಿ. ಅವರು ಟೋಟಲ್ ಲಾಸ್ (ರಿಪೇರಿ ಮಾಡಿಸಿ ಪ್ರಯೋಜನವಿಲ್ಲ) ಅಂತ ಹೇಳಿದ್ರೆ ಹಟ ಮಾಡದೆ ಒಪ್ಕೊಳ್ಳಿ, ಅಷ್ಟೇ.

ಪ್ರಶ್ನೆ ಕೇಳಿದವರು: ರೂಫ್ ಹತ್ತಿರ ಸಣ್ಣ ಸುಕ್ಕು ಇದೆ! ಸರ್ವೇಯರ್‌ಗೆ ಫೋನ್ ಮಾಡ್ತಿದ್ದೀನಿ.