ಚಾಲ್ಕೋಸಯನೈಟ್ ಅಂದರೆ ನಮ್ಮ ಮೈಲುತುತ್ತವೇ ಅಲ್ವಾ?

ಎಲೆತೋಟ, ಮೈಸೂರು: ಮಗಳು ಚಾಲ್ಕೋಸಯನೈಟ್ ಅನ್ನೋ ಖನಿಜದ ಫೋಟೋ ತೋರಿಸಿದಳು. ಇಟಲಿಯ ವೆಸುವಿಯಸ್ ಜ್ವಾಲಾಮುಖಿಯಲ್ಲಿ ಸಿಕ್ಕಿದ್ದಂತೆ, ತುಂಬಾ ಅಪರೂಪವಂತೆ. ಒಳಗಿರೋದು ತಾಮ್ರದ ಸಲ್ಫೇಟ್. ವೀಳ್ಯದೆಲೆಗೆ ರೋಗ ಬರದಂತೆ ಸಿಂಪಡಿಸೋ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ನಾನು ಹಾಕೋ ಒಂದು ಕೆಜಿ ಮೈಲುತುತ್ತವೂ ಅದೇ ತಾನೆ? ಮತ್ತೆ ಬೇರೆ ಹೆಸರು ಯಾಕೆ?

ಗಂಗೋತ್ರಿ ಭೂವಿಜ್ಞಾನ: ಅದೇ ಅಲ್ಲ ಸರ್. ನಿಮ್ಮ ಮೈಲುತುತ್ತದ ಹರಳಿನಲ್ಲಿ ಪ್ರತಿ ತಾಮ್ರಕ್ಕೆ ಐದು ನೀರಿನ ಅಣುಗಳಿವೆ. ಚಾಲ್ಕೋಸಯನೈಟ್‌ನಲ್ಲಿ ಒಂದೂ ಇಲ್ಲ. ನೀವು ಒಂದು ಕೆಜಿ ತಂದರೆ ಅದರಲ್ಲಿ ಸುಮಾರು 360 ಗ್ರಾಂ ನೀರೇ.

ಎಲೆತೋಟ, ಮೈಸೂರು: 360 ಗ್ರಾಮಾ? ಮುಟ್ಟಿದರೆ ಒಣಗಿಯೇ ಇರುತ್ತಲ್ಲ!

ಗಂಗೋತ್ರಿ ಭೂವಿಜ್ಞಾನ: ಅದು ಒದ್ದೆ ನೀರಲ್ಲ, ಹರಳಿನ ಕಟ್ಟಡದಲ್ಲೇ ಸೇರಿದ ನೀರು. ನಾಲ್ಕು ಅಣು ತಾಮ್ರವನ್ನು ಸುತ್ತಿಕೊಂಡಿವೆ. ಐದನೆಯದು ಪಕ್ಕದಲ್ಲಿ ಕೊಂಡಿ ಹಾಕಿಕೊಂಡಿದೆ. ಆ ನೀಲಿ ಬಣ್ಣ ಬಂದಿದ್ದೇ ತಾಮ್ರವನ್ನು ಸುತ್ತಿಕೊಂಡ ನೀರಿನಿಂದ.

ಪಿಯು ಮೇಷ್ಟ್ರು, ಮಂಡ್ಯ: ನಾನು ತೋಟದವರ ಕಡೆಗೇ. ಪ್ರಯೋಗಾಲಯದಲ್ಲಿ ಮೈಲುತುತ್ತವನ್ನು 200 ಡಿಗ್ರಿ ದಾಟಿಸಿ ಕಾಯಿಸಿದರೆ ನೀರೆಲ್ಲ ಹೋಗಿ ಬೆಳ್ಳಗಾಗುತ್ತದೆ. ಒಂದು ಹನಿ ನೀರು ಬಿಟ್ಟರೆ ಬಿಸಿಯಾಗಿ ಮತ್ತೆ ನೀಲಿ. ಹೋಗಿ ಬರೋ ನೀರಿಗೆ ಎರಡು ಖನಿಜ ಅಂದರೆ ಜಾಸ್ತಿಯಾಯಿತು. ಚಾಲ್ಕೋಸಯನೈಟ್ ಅನ್ನೋ ಹೆಸರೇ ಗ್ರೀಕ್‌ನ ತಾಮ್ರ, ನೀಲಿ ಅನ್ನೋ ಮಾತುಗಳಿಂದ ಬಂದಿದೆ. ನೀರು ಹೀರಿ ನೀಲಿಯಾಗುತ್ತೆ ಅಂತಲೇ ಇಟ್ಟ ಹೆಸರು!

ಗಂಗೋತ್ರಿ ಭೂವಿಜ್ಞಾನ: ಸುಟ್ಟ ಸುಣ್ಣ, ಅರಳಿದ ಸುಣ್ಣ ಎರಡಕ್ಕೂ ಬೇರೆ ಹೆಸರಿಲ್ವಾ ಸರ್? ಅಲ್ಲೂ ನೀರು ಬಿದ್ದರೆ ಬಿಸಿಯಾಗಿ ಉಬ್ಬುತ್ತೆ.

ಪಿಯು ಮೇಷ್ಟ್ರು, ಮಂಡ್ಯ: ಸುಣ್ಣದಲ್ಲಿ ನೀರು ನೀರಾಗಿ ಉಳಿಯೋದಿಲ್ಲ, ಸುಣ್ಣದ ಜೊತೆ ಸೇರಿ ಹೈಡ್ರಾಕ್ಸೈಡ್ ಅನ್ನೋ ಬೇರೆ ವಸ್ತುವೇ ಆಗುತ್ತೆ. ಆ ಹೋಲಿಕೆ ನಿಲ್ಲೋದಿಲ್ಲ.

ಗಂಗೋತ್ರಿ ಭೂವಿಜ್ಞಾನ: ಒಪ್ಪಿದೆ, ಅದನ್ನು ಬಿಡೋಣ. ತೂಕ ನೋಡಿ. ಚಾಲ್ಕೋಸಯನೈಟ್ ನೀರಿಗಿಂತ ಸುಮಾರು 3.6 ಪಟ್ಟು ಭಾರ, ಮೈಲುತುತ್ತ 2.3 ಪಟ್ಟು. ಐದು ನೀರು ಒಳಗೆ ಬಂದಾಗ ಗಾತ್ರ ಎರಡೂವರೆ ಪಟ್ಟು ಆಗುತ್ತೆ. ಹಳೇ ಹರಳು ಆ ಒತ್ತಡಕ್ಕೆ ಪುಡಿಯಾಗಿ, ಬೇರೆ ಜೋಡಣೆಯ ಹೊಸ ಹರಳು ಹುಟ್ಟುತ್ತೆ. ಖನಿಜಕ್ಕೆ ಹೆಸರು ಇಡೋದು ಒಳಗಿನ ವಸ್ತು, ಜೋಡಣೆ ಎರಡನ್ನೂ ನೋಡಿ. ಮೂರು ನೀರಿನದ್ದಕ್ಕೆ ಬೊನಾಟೈಟ್, ಏಳು ನೀರಿನದ್ದಕ್ಕೆ ಬೂಥೈಟ್ ಅಂತಲೂ ಹೆಸರಿದೆ.

ಪಾಂಡವಪುರದ ಓದುಗಿ: ಹಾಗಾದರೆ ನೀರಿಲ್ಲದ್ದು ಪ್ರಕೃತಿಯಲ್ಲಿ ಹುಟ್ಟೋದಾದರೂ ಹೇಗೆ?

ಗಂಗೋತ್ರಿ ಭೂವಿಜ್ಞಾನ: ಜ್ವಾಲಾಮುಖಿಯ ಬಿಸಿ ಅನಿಲ ಬರೋ ಬಿರುಕಿನ ಬಾಯಲ್ಲಿ. ಅನಿಲದಲ್ಲಿ ಬಂದ ತಾಮ್ರ ಅಲ್ಲಿ ಗಂಧಕ, ಆಮ್ಲಜನಕದ ಜೊತೆ ಸೇರಿ ಕಲ್ಲಿನ ಮೇಲೆ ಹರಳು ಕಟ್ಟುತ್ತೆ. ಅದು ತಿಳಿ ಹಸಿರೋ, ಕಂದೋ, ಹಳದಿಯೋ ಇರುತ್ತೆ. ವೆಸುವಿಯಸ್‌ನ 1868ರ ಸ್ಫೋಟದ ಹರಳುಗಳನ್ನು ನೋಡಿ ವಿವರಿಸಿದವರು ಇಟಲಿಯ ಖನಿಜ ವಿಜ್ಞಾನಿ ಅರ್ಕಾಂಜೆಲೊ ಸ್ಕಾಕ್ಕಿ. ರಷ್ಯಾದ ಕಮ್ಚಾಟ್ಕಾದಲ್ಲಿರೋ ಜ್ವಾಲಾಮುಖಿ ತೋಲ್ಬಾಚಿಕ್‌ನಲ್ಲೂ ಇದು ಸಿಕ್ಕಿದೆ. ಬಿರುಕು ತಣ್ಣಗಾಗಿ ಒಂದು ಮಳೆ ಬಿದ್ದರೆ ಕರಗಿ ಹೋಗುತ್ತೆ. ಅಪರೂಪ ಆಗಿರೋದು ತಾಮ್ರ ಇಲ್ಲದೆ ಅಲ್ಲ, ಒಣ ಬಿಸಿ ಉಳಿಯದೆ.

ಪಿಯು ಮೇಷ್ಟ್ರು, ಮಂಡ್ಯ: ಗಾತ್ರದ ಮಾತು ಒಪ್ಪಿದೆ. ಆದರೆ ಪೆಟ್ಟಿಗೆಯಲ್ಲಿಟ್ಟ ಹರಳು ಗಾಳಿಯ ತೇವಕ್ಕೆ ನೀಲಿಯಾದರೆ ಚೀಟಿಯಲ್ಲಿ ಏನು ಬರೀತೀರಿ?

ಗಂಗೋತ್ರಿ ಭೂವಿಜ್ಞಾನ: ಚಾಲ್ಕಾಂಥೈಟ್. ಅಂದರೆ ನಿಮ್ಮ ಮೈಲುತುತ್ತದ ಖನಿಜ. ‘ಮೊದಲು ಚಾಲ್ಕೋಸಯನೈಟ್ ಆಗಿತ್ತು’ ಅಂತ ಕೆಳಗೆ ಸೇರಿಸ್ತೀನಿ.

ಎಲೆತೋಟ, ಮೈಸೂರು: ಮಗಳಿಗೆ ಓದಿ ಹೇಳಿದೆ. ಮೇಷ್ಟ್ರೇ, ಆ ಬಿಳಿ ಆಗಿ ನೀಲಿ ಆಗೋ ಪ್ರಯೋಗ ಅವಳಿಗೆ ತೋರಿಸ್ತೀರಾ? ಭಾನುವಾರ ಮಂಡ್ಯಕ್ಕೆ ಕರಕೊಂಡು ಬರ್ತೀನಿ.