ಕವಿರಾಜಮಾರ್ಗಕ್ಕೆ ಒಂದು ದಿನ ಅಂತ ನಿರ್ಣಯ ಕೇಳಿದೆವು, ಮೂರು ಅಧಿವೇಶನ ಮುಗಿದರೂ ಬರಲಿಲ್ಲ. ಯಾಕೆ?

ಕಾಗಿಣಾ ದಂಡೆ (ಕಲಬುರಗಿ)

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಆಗುತ್ತದೆ, ಗೊತ್ತಿದ್ದವರು ದಯವಿಟ್ಟು ಓದಿ ಹೇಳಿ.

ನಾವು ಏಳೆಂಟು ಜನ ಗೆಳೆಯರು ತಿಂಗಳಿಗೊಮ್ಮೆ ಕೂತು ಹಳಗನ್ನಡ ಓದುತ್ತೇವೆ. ಹೋದ ವರ್ಷ ಒಂದು ಭಾನುವಾರ ಮಳಖೇಡದ ಕೋಟೆಗೆ ಹೋಗಿದ್ದೆವು. ಇಲ್ಲಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಅಷ್ಟೇ. ಕೆಳಗೆ ಕಾಗಿಣಾ ನದಿ, ಗೋಡೆಯ ಕಲ್ಲಿನ ಸಂದಿಯಲ್ಲೆಲ್ಲ ಹುಲ್ಲು, ಒಳಗೆ ಎರಡು ಆಡು ಮೇಯುತ್ತಿದ್ದವು. ನಮ್ಮ ಜೊತೆ ಬಂದಿದ್ದ ಹತ್ತನೇ ಕ್ಲಾಸಿನ ಹುಡುಗ ಸುತ್ತ ನೋಡಿ "ಇದೇ ಏನ್ರಿ ನೃಪತುಂಗನ ಊರು?" ಅಂತ ಕೇಳಿದ. ಅವನ ಪಾಠದಲ್ಲಿ ಮಾನ್ಯಖೇಟ ಅಂತ ಇದೆ, ಅದು ಇದೇ ಮಳಖೇಡ, ತನ್ನ ಮನೆಯಿಂದ ಒಂದು ತಾಸಿನ ದಾರಿ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

ಅವತ್ತೇ ತೀರ್ಮಾನ ಮಾಡಿದೆವು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ, ಸುಮಾರು 850ರ ಹೊತ್ತಿನದು, ನಮ್ಮ ನೆಲದ ಅರಮನೆಯಲ್ಲಿ ಹುಟ್ಟಿದ್ದು. ಅದಕ್ಕೆ ವರ್ಷದಲ್ಲಿ ಒಂದು ದಿನ ಮೀಸಲಿಡಬೇಕು, ವಿಧಾನಸಭೆಯಲ್ಲಿ ಒಂದು ನಿರ್ಣಯ ಆಗಬೇಕು ಅಂತ ಎರಡು ಪುಟದ ಮನವಿ ಬರೆದು ಈ ಭಾಗದ ಶಾಸಕರೊಬ್ಬರಿಗೆ ಕೊಟ್ಟೆವು. ಅವರು ನಿಂತಲ್ಲೇ ಪೂರ್ತಿ ಓದಿದರು, ಮಡಚಿ ಜೇಬಿಗೆ ಇಟ್ಟುಕೊಂಡರು, "ಇದಕ್ಕ ಯಾರು ಬ್ಯಾಡ ಅಂತಾರ?" ಅಂದರು. ಮನಸ್ಸಿನಿಂದಲೇ ಹೇಳಿದರು, ಅದರಲ್ಲಿ ನನಗೆ ಅನುಮಾನ ಇಲ್ಲ.

ಆಮೇಲೆ ಮೂರು ಅಧಿವೇಶನ ಆಯಿತು. ಏನೂ ಇಲ್ಲ. ಒಂದು ರೂಪಾಯಿ ಖರ್ಚಿಲ್ಲ, ಯಾವ ಪಕ್ಷದ ವಿರೋಧವೂ ಇಲ್ಲ. ಹಾಗಿದ್ದರೂ ಯಾಕೆ ಆಗುವುದಿಲ್ಲ?

ಹಳೇ ಫೈಲು (ಬೀದರ್)

ಶರಣು ಅಣ್ಣಾ. ನಾನು ಕೆಲವು ವರ್ಷ ಒಬ್ಬ ಶಾಸಕರ ಹತ್ತಿರ ಪಿಎ ಆಗಿದ್ದೆ. ಇಂಥ ಮನವಿಗಳು ನನ್ನ ಕೈಯಿಂದಲೂ ಹೋಗಿವೆ, ಬಹಳಷ್ಟು ನನ್ನ ಕೈಯಲ್ಲೇ ಉಳಿದಿವೆ. ಅದರ ಬಗ್ಗೆ ಈಗಲೂ ಬೇಜಾರಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಯಾರ ವಿರೋಧವೂ ಇಲ್ಲ ಅಂದಿರಲ್ಲ, ತೊಡಕು ಅಲ್ಲೇ ಇದೆ. ವಿರೋಧ ಇಲ್ಲದ ಕೆಲಸಕ್ಕೆ ಅವಸರವೂ ಇರುವುದಿಲ್ಲ. ಈ ಸಲ ಆಗದಿದ್ದರೆ ಮುಂದಿನ ಸಲ ಅಂತ ಎಲ್ಲರೂ ಒಪ್ಪುತ್ತಾರೆ.

ಅಧಿವೇಶನಕ್ಕೆ ಮೊದಲು ಶಾಸಕರ ಭವನದ ರೂಮಿನಲ್ಲಿ ನಾನು ಕಾಗದ ವಿಂಗಡಿಸುತ್ತಿದ್ದೆ. ಮಂಚದ ಮೇಲೆ ಮೂರು ಗುಂಪು. ಮೊದಲನೆಯದು ಚುಕ್ಕೆ ಗುರುತಿನ ಪ್ರಶ್ನೆಗಳು, ಅಂದರೆ ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರ ಕೊಡಬೇಕಾದವು. ಎರಡನೆಯದು ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆಯ ವಿಷಯ. ಮೂರನೆಯದು "ನೋಡೋಣ". ನಿಮ್ಮ ಮನವಿ ಮೂರನೇ ಗುಂಪಿನದು. ಯಾಕೆಂದರೆ ಮೊದಲ ಎರಡರಲ್ಲಿ ಉತ್ತರ ಕೊಡುವ ಒತ್ತಡ ಸರ್ಕಾರದ ಮೇಲೆ ಇರುತ್ತದೆ. ತೊಗರಿ ಖರೀದಿ ಕೇಂದ್ರ ಯಾಕೆ ತೆರೆದಿಲ್ಲ ಅಂತ ಪ್ರಶ್ನೆ ಹಾಕಿದರೆ, ಸದನದಲ್ಲಿ ಅದು ಬರುವ ಮೊದಲೇ ಅಧಿಕಾರಿಗಳು ಫೋನ್ ಮಾಡಿ ವಿವರ ಕೇಳುತ್ತಾರೆ, ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಅರ್ಧ ಆಗಿರುತ್ತದೆ. ಭೀಮಾ ಉಕ್ಕಿ ಊರಿಗೆ ನೀರು ನುಗ್ಗಿದ ವರ್ಷ ಶಾಸಕರಿಗೆ ಐದು ನಿಮಿಷ ಮೈಕ್ ಸಿಕ್ಕರೆ ಅವರು ಪರಿಹಾರದ ಮಾತಾಡುತ್ತಾರೋ, ನೃಪತುಂಗನ ಮಾತಾಡುತ್ತಾರೋ ಹೇಳಿ. ಅವರನ್ನು ನಾನು ತಪ್ಪು ಅನ್ನಲಾರೆ.

ಇನ್ನು ನಿರ್ಣಯದ ದಾರಿ. ಸದಸ್ಯರು ತಮ್ಮದೇ ಆಗಿ ತರುವುದಕ್ಕೆ ಖಾಸಗಿ ನಿರ್ಣಯ ಅನ್ನುತ್ತಾರೆ. ನೋಟಿಸ್ ಕೊಡಬೇಕು, ಪಟ್ಟಿಯಲ್ಲಿ ಸರದಿ ಬರಬೇಕು, ಬಂದ ದಿನ ಕಲಾಪ ನಡೆಯಬೇಕು. ಬೇರೆ ಯಾವುದೋ ವಿಷಯಕ್ಕೆ ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ ಇಳಿದು ಧರಣಿ ಶುರುವಾದರೆ ಮೊದಲು ಬಲಿಯಾಗುವುದು ಇಂಥ ಖಾಸಗಿ ಕಲಾಪವೇ. ಅಧಿವೇಶನ ಮುಗಿದರೆ ಸಾಮಾನ್ಯವಾಗಿ ನೋಟಿಸೂ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಕೊಡಬೇಕು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ ಕರ್ನಾಟಕದಲ್ಲಿ 2005ರಲ್ಲೇ ಕಾನೂನು ಆಗಿದೆ, ಆದರೆ ಅಷ್ಟು ದಿನ ಸೇರುವುದೇ ಅಪರೂಪ. ಇರುವ ದಿನಗಳಲ್ಲಿ ಬಜೆಟ್, ಬಿಲ್ಲು, ಗದ್ದಲ ಎಲ್ಲ ಕಳೆದು ಉಳಿಯುವುದೆಷ್ಟು?

ಸಂತಾಪ ಸೂಚನೆ ನೋಡಿ. ಅದೂ ಗೌರವ ಸೂಚಿಸುವ ನಿರ್ಣಯವೇ ಅಲ್ವಾ? ಆದರೆ ಅಧಿವೇಶನದ ಮೊದಲ ದಿನ ಸಭಾಧ್ಯಕ್ಷರೇ ತರುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ಮುಗಿಯಿತು. ಅದಕ್ಕೆ ಜಾಗವೂ ಇದೆ, ತರುವವರೂ ಇದ್ದಾರೆ. ನಿಮ್ಮದಕ್ಕೆ ಎರಡೂ ಇಲ್ಲ.

ಒಂದು ಮಾತು ಕೇಳಬೇಕು. ಮನವಿಯಲ್ಲಿ ಯಾವ ದಿನ ಅಂತ ಬರೆದಿದ್ದಿರಿ?

ಶಹಾಬಾದ್ ಪರ್ಸಿ

ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಸದನ ಒಂದು ದಿನ ನಡೆಯುವುದು ನಮ್ಮ ದುಡ್ಡಿನಲ್ಲಿ. ನನ್ನ ತಮ್ಮ ತೊಗರಿ ಬೆಳೆಯುತ್ತಾನೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು, ನಾವೆಲ್ಲ ಖುಷಿಪಟ್ಟೆವು. ಮಾರ್ಕೆಟ್‌ಗೆ ಚೀಲ ಒಯ್ದಾಗ ಅವನಿಗೆ ಸಿಗುವ ರೇಟು ಮಾತ್ರ ಆ ಹೆಸರಿನಿಂದ ಬದಲಾಗಲಿಲ್ಲ. ಹೆಸರು, ದಿನ, ಗೌರವ ಬೇಡ ಅನ್ನುವುದಿಲ್ಲ. ಮೊದಲು ಯಾವುದು ಅನ್ನುವುದು ಮುಖ್ಯ. ಸದನದಲ್ಲಿ ಇವು ಹಿಂದೆ ಬೀಳುವುದು ಸರಿಯಾಗಿಯೇ ಇದೆ.

ಕಟ್ಟೆ ಮೇಲಿನ ಮೇಡಂ (ಯಾದಗಿರಿ)

ಶಹಾಬಾದ್ ಅಣ್ಣನ ನೋವು ನನಗೆ ಅರ್ಥ ಆಗುತ್ತದೆ, ನಮ್ಮ ಮನೆಯಲ್ಲೂ ತೊಗರಿ ಇದೆ. ಆದರೂ ಪೂರ್ತಿ ಒಪ್ಪಲಾರೆ. ನಾನು ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುತ್ತೇನೆ, ಈ ಪ್ರಶ್ನೆ ಪ್ರತಿ ವರ್ಷ ಕ್ಲಾಸಿನಲ್ಲಿ ಬರುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಕಥೆ ಅಲ್ಲ. ಲೋಕಸಭೆಯಲ್ಲಿ ಖಾಸಗಿ ಸದಸ್ಯರಿಗೆ ಸಿಗುವುದು ಶುಕ್ರವಾರದ ಎರಡೂವರೆ ತಾಸು. ಮಂತ್ರಿಯಲ್ಲದ ಸದಸ್ಯರು ತಂದ ಬಿಲ್ಲುಗಳಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಕಾನೂನಾದದ್ದು 14, ಕೊನೆಯದು 1970ರಲ್ಲಿ. ಬಿಲ್ಲಿನ ಗತಿಯೇ ಹೀಗಾದರೆ ನಿರ್ಣಯಕ್ಕೆ ಎಷ್ಟು ಜಾಗ ಸಿಕ್ಕೀತು? ಅಮೆರಿಕದಲ್ಲಿ ಇದು ಉಲ್ಟಾ ಆಗಿತ್ತು. ಈ ವಾರ ಇದರ ವಾರ, ಈ ದಿನ ಅದರ ದಿನ ಅಂತ ಸದಸ್ಯರು ತಂದು ತಂದು ರಾಶಿ ಹಾಕಿದರು. ಅಲ್ಲಿನ ಪ್ರತಿನಿಧಿ ಸಭೆಯ 435 ಜನರಲ್ಲಿ 218 ಸದಸ್ಯರ ಸಹಿ ತಂದರೆ ಮಾತ್ರ ಸಮಿತಿ ಕೈಗೆತ್ತಿಕೊಳ್ಳುತ್ತಿತ್ತು. ಅದೂ ಸಾಲದೆ 1995ರಲ್ಲಿ ಆ ಸಭೆ ಇಂಥವನ್ನು ಮಂಡಿಸುವುದನ್ನೇ ನಿಯಮ ಮಾಡಿ ನಿಲ್ಲಿಸಿತು. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜೆಗೆ 1968ರಲ್ಲಿ ಅವರ ಹತ್ಯೆಯಾದ ನಾಲ್ಕೇ ದಿನಕ್ಕೆ ಬಿಲ್ಲು ಬಂತು, ಕಾನೂನಾದದ್ದು 1983ರಲ್ಲಿ. ಹದಿನೈದು ವರ್ಷ ಜನ ಬಿಡದೆ ಬೆನ್ನು ಹತ್ತಿದ್ದರಿಂದ ಆಯಿತು.

ನಮ್ಮಲ್ಲಿ ದಿನ ಆಚರಿಸಬೇಕು ಅಂದರೆ ಅದರ ದಾರಿಯೇ ಬೇರೆ. ಸರ್ಕಾರ ಒಂದು ಆದೇಶ ಹೊರಡಿಸಿದರೆ ಸಾಕು. ನವೆಂಬರ್ 26 ಸಂವಿಧಾನ ದಿನ ಆದದ್ದು 2015ರ ಅಧಿಸೂಚನೆಯಿಂದ. ನಮ್ಮ ಕಲ್ಯಾಣದ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಅಂತ 2024ರ ಜನವರಿಯಲ್ಲಿ ಘೋಷಿಸಿದ್ದು ಸಚಿವ ಸಂಪುಟ. ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಾದದ್ದೂ 2019ರಲ್ಲಿ ಸರ್ಕಾರದ ತೀರ್ಮಾನದಿಂದಲೇ. ಆಳುವವರ ಕೈಯಲ್ಲೇ ಪೆನ್ನು ಇರುವಾಗ ಸದನದ ಸಮಯ ಯಾಕೆ ಕೊಡುತ್ತಾರೆ?

ಹಾಗಂತ ನಿರ್ಣಯಕ್ಕೆ ಬೆಲೆ ಇಲ್ಲ ಅನ್ನಬೇಡಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ನೆನಪಿಸಿಕೊಳ್ಳಿ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು, ರಾಜ್ಯದ ಎರಡೂ ಸದನಗಳು ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಿದವು, 2012ರಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿತು. ಇವತ್ತು ನನ್ನ ಕ್ಲಾಸಿನ ಮಕ್ಕಳು ಈ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟಿನ ಲೆಕ್ಕ ಹಾಕುತ್ತಾರೆ, ಬೇರೆ ಕಡೆ 8 ಪರ್ಸೆಂಟ್. ಅದೂ ಕಾಗದದ ಮೇಲಿನ ನಾಲ್ಕು ಸಾಲಿನಿಂದಲೇ ಬಂದದ್ದು. ಆದರೆ ಆ ಸಾಲುಗಳು ಯಾರನ್ನೋ ಏನನ್ನೋ ಕೇಳುತ್ತಿದ್ದವು. ಸ್ಮರಣೆಯ ನಿರ್ಣಯ ಯಾರನ್ನೂ ಏನೂ ಕೇಳುವುದಿಲ್ಲ, ಹಾಗಾಗಿ ಅದನ್ನು ಯಾರೂ ತಳ್ಳುವುದಿಲ್ಲ.

ಇನ್ನೊಂದು ಹೆದರಿಕೆಯೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಹೆಸರು ತೆಗೆದರೆ ಹತ್ತು ಹೆಸರು ಬರುತ್ತವೆ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ನಾಲ್ಕು ವಿಮಾನ ನಿಲ್ದಾಣಗಳಿಗೆ ಚೆನ್ನಮ್ಮ, ರಾಯಣ್ಣ, ಕುವೆಂಪು, ಬಸವೇಶ್ವರ ಅಂತ ಹೆಸರಿಡಲು ನಿರ್ಣಯ ಆಯಿತು. ಮೈಸೂರಿಗೆ ಟಿಪ್ಪು ಹೆಸರು ಅಂತ ಒಬ್ಬ ಸದಸ್ಯರು ಹೇಳಿದ್ದೇ ತಡ, ಗದ್ದಲ ಶುರು. ನಿರ್ಣಯ ಆದ ಮೇಲೂ ಹೆಸರಿಡುವ ಅಧಿಕಾರ ಕೇಂದ್ರದ್ದು. ನಿಮ್ಮ ಊರೇ ಗುಲ್ಬರ್ಗಾ ಹೋಗಿ ಕಲಬುರಗಿ ಆಗಲು 2006ರ ಹೊತ್ತಿಗೆ ಶುರುವಾದ ಮಾತು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಕಾಗಿಣಾ ದಂಡೆ (ಕಲಬುರಗಿ)

ಇಬ್ಬರೂ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಬಹಳ ಉಪಕಾರ ಆಯಿತು. ಮನೆಗೆ ಬಂದು ಮನವಿಯ ಜೆರಾಕ್ಸ್ ತೆಗೆದು ನೋಡಿದೆ. ದಿನಾಂಕದ ಜಾಗದಲ್ಲಿ "ಸರ್ಕಾರವು ಸೂಕ್ತವೆಂದು ತಿಳಿದ ದಿನ" ಅಂತ ಬರೆದಿದ್ದೇವೆ! ಗ್ರಂಥ ಮುಗಿದ ದಿನ ಗೊತ್ತಿಲ್ಲವಲ್ಲ, ಅದಕ್ಕೇ ಬಿಟ್ಟಿದ್ದೆವು.

ಹಳೇ ಫೈಲು (ಬೀದರ್)

ನನಗೆ ಅದೇ ಅನುಮಾನ ಇತ್ತು ಅಣ್ಣಾ. ದಿನ ಇಲ್ಲದ ಮನವಿಯನ್ನು ಯಾವ ಗುಮಾಸ್ತನೂ ಮುಂದಕ್ಕೆ ಹಾಕಲಾರ. "ಯಾವ ದಿನ?" ಅಂತ ಮಾರ್ಜಿನ್‌ನಲ್ಲಿ ಬರೆದು ವಾಪಸ್ ಕಳಿಸುತ್ತಾರೆ. ಹೈದರಾಬಾದ್ ಸಂಸ್ಥಾನದ ವಿಮೋಚನೆಗೆ ಸೆಪ್ಟೆಂಬರ್ 17 ಅಂತ ಎಲ್ಲರಿಗೂ ಗೊತ್ತಿತ್ತು, 1948ರ ಘಟನೆ ಅದು, ಕಣ್ಣಾರೆ ಕಂಡವರಿದ್ದರು. ನಿಮಗೆ ಆ ಅನುಕೂಲ ಇಲ್ಲ. ನೀವೇ ಒಂದು ದಿನ ಆರಿಸಿ. ಸೆಪ್ಟೆಂಬರ್ 17, ನವೆಂಬರ್ 1 ಬೇಡ, ಆ ಗದ್ದಲದಲ್ಲಿ ನಿಮ್ಮ ಹುಡುಗನ ಪ್ರಶ್ನೆ ಯಾರಿಗೂ ಕೇಳಿಸುವುದಿಲ್ಲ. ಫೆಬ್ರವರಿ 21 ತಾಯ್ನುಡಿ ದಿನ ಇದೆ, ಶಾಲೆಗಳೂ ನಡೆಯುತ್ತಿರುತ್ತವೆ, ಬಿಸಿಲೂ ಅಷ್ಟು ಇರುವುದಿಲ್ಲ.

ಮನವಿಯನ್ನು ಶಾಸಕರಿಗೆ ಕೊಡುವ ಜೊತೆಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ, ಜಿಲ್ಲಾಧಿಕಾರಿ ಕಚೇರಿಗೂ ಕೊಡಿ. ಕೊಟ್ಟ ಕಡೆಯೆಲ್ಲ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಶಾಸಕರಿಗೆ ನಿರ್ಣಯ ತನ್ನಿ ಅನ್ನಬೇಡಿ, "ಇಂಥ ಮನವಿ ಇಂಥ ದಿನ ಇಲಾಖೆಗೆ ಕೊಟ್ಟಿದ್ದಾರೆ, ಅದು ಏನಾಯಿತು?" ಅಂತ ಒಂದು ಪ್ರಶ್ನೆ ಹಾಕಿ ಅನ್ನಿ. ಆಗ ಅದು ಮೊದಲ ಗುಂಪಿಗೆ ಬರುತ್ತದೆ.

ಶಹಾಬಾದ್ ಪರ್ಸಿ

ಮೇಡಂ ಹೇಳಿದ 371ಜೆ ಮಾತಿಗೆ ನಾನು ಸೋತೆ. ನನ್ನ ಮಗಳ ಸೀಟು ಅದರಿಂದಲೇ ಬಂದದ್ದು. ಅಣ್ಣಾ, ದಿನಾಂಕ ಕಾದು ಕೂಡಬೇಡಿ. ಕೋಟೆ ಹತ್ತಿರ ಮಕ್ಕಳಿಗೆ ಓದಲು ಬರುವಂಥ ಒಂದು ಕಲ್ಲು ನೆಡಬೇಕು, ಪರವಾನಗಿ ಕೇಳಬೇಕಾದವರನ್ನು ಕೇಳಿಯೇ. ಕಲ್ಲು ನನ್ನದು. ನಾಲ್ಕು ಫೂಟು ಉದ್ದ, ಎರಡು ಫೂಟು ಅಗಲದ ಒಳ್ಳೆಯ ನೀಲಿ ಪರ್ಸಿ ಇಟ್ಟಿದ್ದೇನೆ.

ಕಾಗಿಣಾ ದಂಡೆ (ಕಲಬುರಗಿ)

ಬರುವ ಭಾನುವಾರ ಕೂಡುತ್ತೇವೆ. ಮನವಿ ಒಂದೇ ಪುಟಕ್ಕೆ ಇಳಿಸಿದ್ದೇನೆ, ಮೇಲೆ ಫೆಬ್ರವರಿ 21 ಅಂತ ಬರೆದಿದ್ದೇನೆ. ಶಹಾಬಾದ್ ಅಣ್ಣಾ, ಕಲ್ಲಿನ ಮೇಲೆ ಎಷ್ಟು ಸಾಲು ಹಿಡಿಯುತ್ತದೆ ಹೇಳಿ. ಏನು ಬರೆಸಬೇಕು ಅಂತ ಆ ಹುಡುಗನನ್ನೇ ಕೇಳುತ್ತೇನೆ.