ಪದಚರ್ಚೆ: ಜೀಪಿನ ವೈರ್‌ಲೆಸ್ ಸೆಟ್ಟಿನ ‘ಸ್ಕ್ವೆಲ್ಚ್’ಗೆ ಕನ್ನಡದಲ್ಲಿ ಏನು? ಗುರುವಾರದೊಳಗೆ ಬೇಕು

ಮುಳ್ಳೇರಿಯದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು.

ನಮ್ಮ ಕಾಸರಗೋಡಿನ ಕಡೆ ಗುಡ್ಡದ ದಾರಿಯಲ್ಲಿ ಬಾಡಿಗೆಗೆ ಓಡುವ ಫೋರ್‌ವೀಲ್ ಜೀಪುಗಳಿಗೆ ವೈರ್‌ಲೆಸ್ ಸೆಟ್ ಕೂರಿಸುತ್ತಿದ್ದಾರೆ. ಅಡೂರು, ದೇಲಂಪಾಡಿ ಕಡೆಯ ಕಾಡುದಾರಿಯಲ್ಲಿ ಮೊಬೈಲು ಸತ್ತುಹೋಗುವ ಜಾಗ ಬೇಕಾದಷ್ಟಿದೆ. ಮಳೆಗಾಲದಲ್ಲಿ ಮುಂದಿನ ಜೀಪು ಹೂತದ್ದು ಹಿಂದಿನವನಿಗೆ ಗೊತ್ತಾಗುವುದು ಅವನೂ ಬಂದು ಹೂತ ಮೇಲೆಯೇ. ಸೆಟ್ಟಿನ ಜೊತೆ ಬಂದ ಪುಸ್ತಿಕೆ ಇಂಗ್ಲಿಷಿನಲ್ಲಿದೆ. ಮಲಯಾಳದ್ದು ತಯಾರಾಗಿದೆ, ಕನ್ನಡದ್ದು ನನ್ನ ಪಾಲಿಗೆ ಬಂದಿದೆ: ಡ್ಯಾಶ್‌ಬೋರ್ಡಿಗೆ ಅಂಟಿಸಲು ಅಂಗೈಯಗಲದ ಒಂದು ಸ್ಟಿಕ್ಕರ್, ಕೂರಿಸುವವರಿಗೆ ಒಂದು ಪುಟದ ಸೂಚನೆ. ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು.

ಸಿಕ್ಕಿಬಿದ್ದದ್ದು ‘ಸ್ಕ್ವೆಲ್ಚ್’ ಎಂಬಲ್ಲಿ. ಯಾರೂ ಮಾತಾಡದಿರುವಾಗ ಸ್ಪೀಕರಿನಲ್ಲಿ ಸುಮ್ಮನೆ ಬರುತ್ತಿರುವ ಸೊರ್ರೆಂಬ ಸದ್ದಿನ ಬಾಯಿ ಮುಚ್ಚಿಸುವ ಗುಂಡಿ ಅದು. ಮಲಯಾಳದವರು ಸ್ಕ್ವೆಲ್ಚ್ ಅಂತಲೇ ಬರೆದು ಕೈತೊಳೆದುಕೊಂಡಿದ್ದಾರೆ. ‘ಶಬ್ದ ನಿಯಂತ್ರಣ’ ಅಂದರೆ ವಾಲ್ಯೂಮ್ ಆಗಿಬಿಡುತ್ತದೆ, ಆದ್ದರಿಂದ ಅದು ಬೇಡ. ಆಂಟೆನಾ ಕೂರಿಸುವಲ್ಲಿ ಬರುವ ‘ಗ್ರೌಂಡ್ ಪ್ಲೇನ್’, ಮಾತು ಮುಗಿಸಿ ಎದುರಿನವನಿಗೆ ಬಿಡುವಾಗ ಹೇಳುವ ‘ಓವರ್’, ಇವಕ್ಕೂ ಏನಾದರೂ ಇದ್ದರೆ ತಿಳಿಸಿ. ‘ರೇಂಜ್’ ಇನ್ನೊಂದು ತಲೆನೋವು. ಘಟ್ಟದ ಮೇಲಿನವರು ನೆಟ್‌ವರ್ಕ್ ಇಲ್ಲ, ಟವರ್ ಇಲ್ಲ ಅನ್ನುವಲ್ಲಿ ನಾವು ಮಲಯಾಳದವರ ಹಾಗೆ ‘ರೇಂಜ್ ಇಲ್ಲ’ ಅನ್ನುವವರು. ‘ಈ ಸೆಟ್ಟಿನ ರೇಂಜ್ ಇಷ್ಟು’ ಅಂತ ಬರೆದರೆ ಸೆಟ್ಟಿಗೂ ಮೊಬೈಲ್ ಟವರ್ ಬೇಕು ಅಂದುಕೊಳ್ಳುತ್ತಾರೆ.

ಪೆರ್ಲದಿಂದ:

ರವನಿರೋಧಕ. ಕಲರವದ ರವ. ಗ್ರೌಂಡ್ ಪ್ಲೇನ್ ಭೂಸಮತಲ. ಓವರ್ ಸಮಾಪ್ತಿ. ರೇಂಜ್ ವ್ಯಾಪ್ತಿ. ಎಲ್ಲಕ್ಕೂ ಪದಗಳಿವೆ, ಹುಡುಕುವ ವ್ಯವಧಾನ ಇಲ್ಲ ಅಷ್ಟೆ.

ಮತ್ತೆ, ‘ವೈರ್‌ಲೆಸ್ ಸೆಟ್’ ಎಂದು ದಯವಿಟ್ಟು ಅಚ್ಚು ಹಾಕಿಸಬೇಡಿ. ‘ನಿಸ್ತಂತು’ ಇದೆ. ಪೊಲೀಸರೂ ಬಳಸುತ್ತಾರೆ.

ಕುಪ್ಪಂನಿಂದ:

‘ನಿಸ್ತಂತು’ ಕನ್ನಡವಲ್ಲ. ಸಂಸ್ಕ್ರುತವಾಗಿಯೂ ಎಡವಟ್ಟು. ತಂತು ಅಂದರೆ ನೂಲು. ನಮ್ಮ ‘ತಂತಿ’ ಬಂದದ್ದು ‘ತಂತ್ರೀ’ಯಿಂದ, ಅಂದರೆ ವೀಣೆಯ ತಂತಿ. ಇಲ್ಲಿ ತೆಲುಗಿನವರು ‘ನಿಸ್ತಂತ್ರಿ’ ಅನ್ನುತ್ತಾರೆ, ಅವರದ್ದಾದರೂ ತಕ್ಕಮಟ್ಟಿಗೆ ಸರಿ. ನಿಸ್ತಂತು ಅಂದರೆ ನೂಲಿಲ್ಲದ್ದು. ನೂಲಿಲ್ಲದ್ದು ಗಾಳಿಪಟವೂ ಆಗಬಹುದು.

ಬಾನುಲಿ ಇದ್ದೇ ಇದೆ. ಇತ್ತಲಿಂದ ಉಲಿದರೆ ಅತ್ತಲಿಂದ ಮರಳಿ ಉಲಿ ಬರುವುದರಿಂದ ಇದು ‘ಮಾರುಲಿ’. ಸ್ಕ್ವೆಲ್ಚಿಗೆ ‘ಮೊರೆತಡೆ’. ಆಂಟೆನಾಕ್ಕೆ ‘ಮೀಸೆ’. ಜಿರಳೆಗೆ ಮೀಸೆ ಅನ್ನುವ ನಾವು ಸೆಟ್ಟಿಗೆ ಯಾಕೆ ಅನ್ನಬಾರದು?

ಪೆರ್ಲದಿಂದ:

ಮೊರೆ ಎಂದರೆ ಅಂಗಲಾಚಿ ಕೂಗುವುದು. ಮೊರೆಯಿಟ್ಟನು, ಮೊರೆಹೊಕ್ಕನು. ಕೆಸರಲ್ಲಿ ಹೂತವನ ಮೊರೆಯನ್ನು ತಡೆಯುವ ಯಂತ್ರವನ್ನು ಜೀಪಿಗೆ ಕೂರಿಸುತ್ತಾರೆಯೇ? ಅಚ್ಚಗನ್ನಡವೇ ಬೇಕೆಂದರೆ ಆದೇಶಸಂಧಿಯಾದರೂ ಮಾಡಿ, ‘ಮೊರೆದಡೆ’ ಆಗಬೇಕು. ಮಹಾಪ್ರಾಣ ಬಿಟ್ಟವರು ಸಂಧಿಯನ್ನೂ ಬಿಟ್ಟರೋ?

ಹೊಸೂರಿನಿಂದ:

ಪೆರ್ಲದ ಮೇಷ್ಟ್ರೇ, ಕುಪ್ಪಂ ಅಣ್ಣಾ, ಇಬ್ಬರೂ ಒಂದು ಗಳಿಗೆ ಬಿಡಿ. ನಾನು ಹ್ಯಾಮ್ ಲೈಸೆನ್ಸ್ (ಹವ್ಯಾಸಕ್ಕಾಗಿ ವೈರ್‌ಲೆಸ್ಸಿನಲ್ಲಿ ಮಾತಾಡುವವರದ್ದು) ಇಟ್ಟುಕೊಂಡವನು, ಈ ಗುಂಡಿಗಳ ಜೊತೆಯೇ ನನ್ನ ಸಂಜೆ ಕಳೆಯುವುದು. ಮುಳ್ಳೇರಿಯದವರೇ, ಸೆಟ್ ಯಾವುದು ಅಂತ ನೀವು ಹೇಳಿಲ್ಲ. ಪುಸ್ತಿಕೆಯಲ್ಲಿ ತಿರುಗಿಸುವ ಸ್ಕ್ವೆಲ್ಚ್ ಗುಂಡಿ, ಗ್ರೌಂಡ್ ಪ್ಲೇನ್ ಎಲ್ಲ ಬಂದಿರುವುದರಿಂದ 27 ಮೆಗಾಹರ್ಟ್ಸಿನ ಸಿಬಿ, ಅಂದರೆ ಜನಸಾಮಾನ್ಯರಿಗೆ ಬಿಟ್ಟ ಸಿಟಿಜನ್ ಬ್ಯಾಂಡಿನ ಸೆಟ್ ಅಂತ ಊಹಿಸುತ್ತೇನೆ. ಒಳ್ಳೆಯದೇ. 26.957ರಿಂದ 27.283 ಮೆಗಾಹರ್ಟ್ಸ್ ತನಕ 5 ವ್ಯಾಟ್ ಮಿತಿಯೊಳಗೆ ಲೈಸೆನ್ಸ್ ಬೇಕಿಲ್ಲ. ಕೈಯಲ್ಲಿ ಹಿಡಿಯುವ ವಾಕಿಟಾಕಿಗೆ 446.0ರಿಂದ 446.2ರ ತುಂಡೂ ಹಾಗೆಯೇ ಬಿಡುವಾಗಿದೆ. ಎರಡಕ್ಕೂ ಸರಕಾರ ಒಪ್ಪಿದ ಮಾದರಿಯ ಸೆಟ್ಟೇ ಆಗಬೇಕು. ಯಾರಾದರೂ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು 150ರ ಸುತ್ತಿನ ವಿಎಚ್‌ಎಫ್ ಸೆಟ್ ತಂದು ಹಾಕಿದ್ದರೆ ಸ್ಟಿಕ್ಕರಿಗೆ ಮುಂಚೆ ಅದನ್ನು ಕಳಚಿಸಿ. ಅದಕ್ಕೆ ಲೈಸೆನ್ಸ್ ಬೇಕು. ನಮ್ಮ ಹ್ಯಾಮ್ ಲೈಸೆನ್ಸ್ ತೋರಿಸಿ ಬಾಡಿಗೆ ವ್ಯವಹಾರ ಮಾಡುವುದಕ್ಕೂ ಆಗುವುದಿಲ್ಲ.

ಇನ್ನು ಭೂಸಮತಲ. ಕೂರಿಸುವವನು ಅದನ್ನು ಓದಿದರೆ ಜೀಪನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ಕೆಲಸ ಶುರುಮಾಡುತ್ತಾನೆ, ಅಷ್ಟೇ. ನೆಲಕ್ಕೂ ಇದಕ್ಕೂ ಸಂಬಂಧ ಕಡಿಮೆ. ಆಂಟೆನಾ ನಿಂತಿರುವ ಲೋಹದ ಹಾಳೆ ಅದರ ಅರ್ಧಭಾಗದಂತೆ ಕೆಲಸ ಮಾಡುತ್ತದೆ. ಕಾರಿನಲ್ಲಾದರೆ ರೂಫಿನ ನಡುವೆ ಇಟ್ಟರೆ ಮುಗಿಯಿತು. ಟಾರ್ಪಾಲು ಹೊದೆಸಿದ ಜೀಪಿಗೆ ರೂಫೇ ಇಲ್ಲ, ಫೈಬರ್ ಹುಡ್ಡಿನದ್ದಕ್ಕೆ ಇದ್ದೂ ಇಲ್ಲ. ಆಗ ಬಾನೆಟ್ಟಿನ ಅಂಚಿಗೋ ಹಿಂದಿನ ಬಾಡಿಯ ಮೂಲೆಗೋ ಬ್ರಾಕೆಟ್ ಹಾಕಬೇಕು. ಅಲ್ಲಿ ತಗಡು ಹೆಚ್ಚಿರುವ ದಿಕ್ಕಿಗೆ ಮಾತು ಚೆನ್ನಾಗಿ ಹೋಗುತ್ತದೆ, ಉಳಿದ ಕಡೆಗೆ ಸೊರಗುತ್ತದೆ. ಆದ್ದರಿಂದ ‘ಅಡಿತಗಡು’ ಅನ್ನಿ. ಸಂಧಿ ಮಾಡಿ ಅಡಿದಗಡು ಮಾಡಬೇಡಿ ಮೇಷ್ಟ್ರೇ, ಯಾರಿಗೂ ತಿಳಿಯುವುದಿಲ್ಲ.

ಈ ಅಲೆಯ ಕಾಲುಭಾಗ ಅಂದರೆ ಸುಮಾರು ಎರಡೂಮುಕ್ಕಾಲು ಮೀಟರ್. ಅಷ್ಟುದ್ದದ ಕಡ್ಡಿ ನಿಮ್ಮ ಬಿದಿರುಮೆಳೆಯಲ್ಲಿ ಎರಡು ದಿನ ಬಾಳುವುದಿಲ್ಲ. ಬುಡದಲ್ಲಿ ಸುರುಳಿ ಸುತ್ತಿದ ಗಿಡ್ಡದ್ದು ಹಾಕುತ್ತಾರೆ, ಸ್ವಲ್ಪ ದೂರ ಕಳೆದುಕೊಳ್ಳುತ್ತಾರೆ. ಹಾಕಿದ ಮೇಲೆ, ಆಂಟೆನಾಕ್ಕೆ ಹೋದ ಶಕ್ತಿ ಎಷ್ಟು ವಾಪಸು ಬರುತ್ತದೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನಲ್ಲಿ ನೋಡದೆ ಮೈಕ್ ಒತ್ತಬಾರದು ಅಂತ ಸೂಚನೆಯಲ್ಲಿ ದಪ್ಪಕ್ಷರದಲ್ಲಿ ಬರಲಿ. 1.5ರೊಳಗೆ ಬಂದರೆ ಚಿನ್ನ. 3 ದಾಟಿದರೆ ಹೋದ ಶಕ್ತಿ ವಾಪಸು ಬಂದು ಸೆಟ್ಟನ್ನೇ ಸುಡಬಹುದು. ಕರೆಂಟನ್ನು ಬ್ಯಾಟರಿಯಿಂದ ನೇರ ಎಳೆಯಲಿ, ಫ್ಯೂಸು ಬ್ಯಾಟರಿಯ ಹತ್ತಿರವೇ ಇರಲಿ. ಲೈಟರ್ ಸಾಕೆಟ್ಟಿನಿಂದ ತೆಗೆದರೆ ಎಂಜಿನ್ ರೇಸ್ ಮಾಡಿದ ಹಾಗೆಲ್ಲ ಆಲ್ಟರ್ನೇಟರಿನ ಕುಂಯ್ ಎಂಬ ದನಿ ಮಾತಿನ ಜೊತೆ ಏರುತ್ತದೆ.

ಸ್ಕ್ವೆಲ್ಚಿಗೆ ಬರುತ್ತೇನೆ. ನಿರೋಧಕ, ತಡೆ, ಎರಡೂ ಪೂರ್ತಿ ಸರಿಯಿಲ್ಲ. ಅದು ಹೊಸ್ತಿಲು. ಬರುವ ಅಲೆಯ ಬಲ ಅದಕ್ಕಿಂತ ಮೇಲಿದ್ದರೆ ಸ್ಪೀಕರಿನ ಬಾಗಿಲು ತೆರೆಯುತ್ತದೆ, ಕೆಳಗಿದ್ದರೆ ಇಲ್ಲ. ಹೊಸ್ತಿಲು ಎತ್ತರಿಸಿದಷ್ಟೂ ಸೆಟ್ ಶಾಂತ. ಕಣಿವೆಯ ಆಚೆಯಿಂದ ಕ್ಷೀಣವಾಗಿ ಕೂಗುವವನೂ ಅಷ್ಟೇ ಶಾಂತ. ಮೇಷ್ಟ್ರು ತಮಾಷೆಗೆ ಹೇಳಿದ ‘ಹೂತವನ ಮೊರೆ ತಡೆಯುವ ಯಂತ್ರ’ ಇದೆಯಲ್ಲ, ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟರೆ ಅದು ನಿಜವಾಗಿಯೂ ಅದೇ ಆಗುತ್ತದೆ. ಪದ ಯಾವುದಾದರೂ ಇರಲಿ, ಎಲ್ಲಿ ನಿಲ್ಲಿಸಬೇಕು ಅನ್ನುವುದು ಸ್ಟಿಕ್ಕರಿನಲ್ಲಿ ಇರಲೇಬೇಕು.

ರೇಂಜಿಗೆ ನಾಮಪದವೇ ಬೇಡ. ‘ಎಷ್ಟು ದೂರ ಕೇಳುತ್ತದೆ’ ಅನ್ನಿ. ಓವರ್ ಹಾಗೇ ಇರಲಿ.

ಅಕ್ಕಲಕೋಟೆಯಿಂದ:

ಇಲ್ಲಿ ಮರಾಠಿಯೊಳಗ ‘ಬಿನತಾರಿ’ ಅಂತಾರ್ರಿ. ತಾರ್ ಅಂದ್ರ ತಂತಿ. ತಾರು ಬಂತು ಅಂದ್ರ ಓದೂಕಿಂತ ಮೊದ್ಲ ಮನಿಯೊಳಗ ಅಳೂದು ಸುರು ಆಗತಿತ್ತು. ಆ ತಾರ್ ಸೇವಾನೂ 2013ರಾಗ ಬಂದ್ ಆತು. ತಂತೀನ ಹೋಗಿಬಿಟ್ಟೈತಿ, ‘ತಂತಿ ಇಲ್ಲದ್ದು’ ಅಂತ ಈಗಿನ ಹುಡುಗರಿಗೆ ಹೇಳಿದ್ರ ಯಾವ ತಂತಿ ಅಂತ ಕೇಳ್ತಾರ. ಬಾಯಾಗ ಇರೂದು ವಾಕಿಟಾಕಿ. ಅದನ್ನ ಬರೀರಿ. ಪ್ರೆಸ್ಸಿಗೆ ಕೊಡೂದು ಈ ಶುಕ್ರವಾರ ಐತಿ, ಬರೂ ಯುಗಾದಿಗೆ ಅಲ್ಲ.

ಮಂಜೇಶ್ವರದಿಂದ:

ತಂತಿಯ ಮಾತು ಬಂದದ್ದಕ್ಕೆ. 1933ರ ಕಾಯಿದೆಯ ಹೆಸರಿನಲ್ಲೇ ‘ವೈರ್‌ಲೆಸ್ ಟೆಲಿಗ್ರಫಿ’ ಇತ್ತು. ಹಳೇ ಮಲಯಾಳದವರು ಅದನ್ನು ‘ಕಂಬಿಯಿಲ್ಲಾ ಕಂಬಿ’ ಮಾಡಿದರು. ಅವರಿಗೆ ತಂತಿಯೂ ಕಂಬಿ, ಟೆಲಿಗ್ರಾಮೂ ಕಂಬಿ. ನಮ್ಮಲ್ಲಿ ಕಂಬಿ ಎಣಿಸಿದರೆ ಜೈಲು, ಕಂಬಿ ಕಿತ್ತರೆ ಪರಾರಿ. ಪಕ್ಕದ ಮನೆಯ ಪದ ತಂದುಕೊಳ್ಳುವಾಗ ನಮ್ಮ ಮನೆಯಲ್ಲಿ ಅದೇ ಹೆಸರಿನವರು ಇದ್ದಾರೋ ನೋಡಿಕೊಳ್ಳಬೇಕು ಅಂತ ಮಾತ್ರ ನಾನು ಹೇಳುವುದು. ಇಂಗ್ಲಿಷಿನ ಪದಕ್ಕೆ ಆ ಗೊಡವೆ ಇಲ್ಲ. ಬಸ್ಸು, ಟಾರ್ಚು, ಸೆಟ್ಟು, ಉಕಾರ ಹಚ್ಚಿದರೆ ಮುಗಿಯಿತು.

ಪೆರ್ಲದಿಂದ:

ಇದೇ ಧೋರಣೆಯಿಂದ ನಾವು ಇಲ್ಲಿಗೆ ಬಂದು ಮುಟ್ಟಿದ್ದು. 1969ರ ಕೇರಳದ ಭಾಷಾ ಕಾಯಿದೆಯಲ್ಲಿ ಕನ್ನಡಕ್ಕೆ ಸ್ಥಾನವಿದೆ, ಬೋರ್ಡು ನೋಡಿದರೆ ಮಲಯಾಳದ ಪದವೇ ಕನ್ನಡ ಲಿಪಿಯಲ್ಲಿ ಕೂತಿರುತ್ತದೆ. ಒಂದು ಕಡೆಯಿಂದ ಅದು, ಇನ್ನೊಂದು ಕಡೆಯಿಂದ ಉಕಾರ ಹಚ್ಚಿದ ಇಂಗ್ಲಿಷು. ನಡುವೆ ನಮ್ಮದು ಏನು ಉಳಿಯಿತು? 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ನಿಲಯ ಶುರುಮಾಡಿದಾಗ ಅದು ‘ರೇಡಿಯೋ’ವಿಗೆ ಉಕಾರ ಹಚ್ಚಿ ಕೂರಲಿಲ್ಲ, ‘ಆಕಾಶವಾಣಿ’ ಆಯಿತು. ಆ ಪದವನ್ನು ಆಮೇಲೆ ಇಡೀ ದೇಶ ತೆಗೆದುಕೊಂಡಿತು.

ಕುಪ್ಪಂನಿಂದ:

ಆಕಾಶವೂ ವಾಣಿಯೂ ಎರವಲೇ. ಬಡಾಯಿ ಯಾಕೆ?

ಪೆರ್ಲದಿಂದ:

ನಿಮ್ಮ ಜೊತೆ ನನಗೆ ಚರ್ಚೆ ಇಲ್ಲ.

ಅಡೂರಿನಿಂದ:

ನಾನು ವಯರಿಂಗ್ ಕೆಲಸದವನು. ಮುಳ್ಳೇರಿಯದ ಅಕ್ಕ ಈ ಪತ್ರಗಳನ್ನೆಲ್ಲ ಓದಲು ಕಳಿಸಿದರು. ತಪ್ಪಿದ್ದರೆ ಮನ್ನಿಸಿ. ಸೆಟ್ ಹೊಸೂರಿನ ಸಾರ್ ಹೇಳಿದ್ದೇ, ಸಿಬಿ.

ನಾವು ಕೆಲಸ ಮಾಡುವಾಗ ಹೇಳುವುದು ಏರಿಯಲ್ (ನಿಮ್ಮ ಆಂಟೆನಾ), ಬಾಡಿ ಅರ್ತು (ಅರ್ತಿಂಗ್), ಫ್ಯೂಸು, ಮೈಕಿನ ಸ್ವಿಚ್ಚು. ಮೀಸೆ ಅಂದರೆ ಹುಡುಗರು ನಗಾಡಿಯಾರು. ‘ಅಡಿತಗಡು’ ಆಗಬಹುದು, ಆದರೆ ತಗಡು ಇದ್ದರೆ ಸಾಲದು. ಬ್ರಾಕೆಟ್ ಕೂರುವಲ್ಲಿ ಪೇಂಟು ಕೆರೆದು ಬಿಳಿ ಕಬ್ಬಿಣ ಕಾಣಬೇಕು, ಬೋಲ್ಟು ಬಿಗಿದ ಮೇಲೆ ಸುತ್ತ ಗ್ರೀಸು ಹಚ್ಚಬೇಕು. ಇಲ್ಲದಿದ್ದರೆ ಇಲ್ಲಿಯ ಮಳೆಗೆ ಒಂದೇ ಆಟಿ ತಿಂಗಳಲ್ಲಿ ತುಕ್ಕು ಹಿಡಿದು ಅರ್ತು ಬಿಡುತ್ತದೆ. ಹಳೇ ಜೀಪಿನಲ್ಲಿ ಬಾನೆಟ್ಟಿನ ತಿರುಗಣೆಯಲ್ಲೂ ಅರ್ತು ಸಿಗುವುದಿಲ್ಲ. ಬಾನೆಟ್ಟಿನಿಂದ ಜೀಪಿನ ಬಾಡಿಯ ತನಕ ಬೇರೆಯೇ ಒಂದು ಹೆಣೆದ ತಂತಿಪಟ್ಟಿ ಎಳೆಯಬೇಕು. ಅದನ್ನು ಬರೆಯಿರಿ.

ಸ್ಕ್ವೆಲ್ಚಿಗೆ ನಾವು ‘ಸೊರಸೊರ’ ಅನ್ನುತ್ತೇವೆ. ‘ಸೊರಸೊರ ನಿಲ್ಲಿಸು ಮಾರಾಯ’ ಅಂದರೆ ಎಲ್ಲ ಡ್ರೈವರುಗಳ ಕೈ ಸರಿಯಾದ ಗುಂಡಿಗೇ ಹೋಗುತ್ತದೆ. ಓವರ್ ಬದಲು ‘ಆಯ್ತು’ ಹೇಳಿ ನೋಡಿದ್ದೇವೆ. ಕೆಲಸಕ್ಕೆ ಬರಲಿಲ್ಲ. ಅವನು ಮಾತು ಮುಗಿಸಿದ್ದೋ, ನಾವು ಹೇಳಿದ್ದಕ್ಕೆ ಒಪ್ಪಿದ್ದೋ ಗೊತ್ತಾಗುವುದಿಲ್ಲ, ಇಬ್ಬರೂ ಒಟ್ಟಿಗೇ ಸ್ವಿಚ್ಚು ಒತ್ತಿ ಇಬ್ಬರದ್ದೂ ಕೇಳುವುದಿಲ್ಲ.

ಮುಳ್ಳೇರಿಯದಿಂದ:

ಎಲ್ಲರಿಗೂ ಧನ್ಯವಾದ. ಪ್ರೆಸ್ಸಿಗೆ ಹೋಗುವುದು ಹೀಗಿದೆ.

ಸ್ಟಿಕ್ಕರಿಗೆ: ‘ಸೊರಸೊರ ಗುಂಡಿ: ಸೊರಸೊರ ನಿಲ್ಲುವಲ್ಲಿಗೆ ತಿರುಗಿಸಿ ಬಿಡಿ. ಇನ್ನೂ ತಿರುಗಿಸಿದರೆ ದೂರದವರು ಕರೆದದ್ದು ಕೇಳುವುದಿಲ್ಲ. ಮೈಕಿನ ಸ್ವಿಚ್ಚು ಒತ್ತಿ, ಒಂದು ಚಣ ನಿಂತು ಮಾತಾಡಿ. ಓವರ್ ಎಂದು ಸ್ವಿಚ್ಚು ಬಿಡಿ. ಮೈಕನ್ನು ಸೀಟಿನ ಮೇಲೆ ಎಸೆಯಬೇಡಿ. ಸ್ವಿಚ್ಚು ಅದುಮಿಕೊಂಡರೆ ಯಾರಿಗೂ ಮಾತಾಡಲಾಗದು.’ ಗುಂಡಿಯ ಪಕ್ಕ ಸೆಟ್ಟಿನಲ್ಲಿರುವ ಹಾಗೆಯೇ ‘ಸ್ಕ್ವೆಲ್ಚ್’ ಅಂತ ಸಣ್ಣಕ್ಷರದಲ್ಲಿ ಹಾಕಿಸಿದ್ದೇನೆ.

ಸೂಚನೆಯ ಪುಟದಲ್ಲಿ ಏರಿಯಲ್, ಅಡಿತಗಡು, ಬಾಡಿ ಅರ್ತು. ರೇಂಜ್ ಎಲ್ಲಿಯೂ ಇಲ್ಲ. ತಲೆಬರಹ ‘ಜೀಪಿನ ವೈರ್‌ಲೆಸ್ ಸೆಟ್’. ಮೇಷ್ಟ್ರೇ, ನಿಸ್ತಂತು ನನಗೂ ಇಷ್ಟವೇ. ಆದರೆ ಇದನ್ನು ಓದುವವರಲ್ಲಿ ಮನೆಯಲ್ಲಿ ತುಳು, ಮಲಯಾಳ, ಮರಾಟಿ ಮಾತಾಡುವವರು ಅರ್ಧಕ್ಕಿಂತ ಹೆಚ್ಚಿದ್ದಾರೆ, ಕನ್ನಡ ಅವರು ಶಾಲೆಯಲ್ಲಿ ಕಲಿತದ್ದು. ಕರಡನ್ನು ಕಳಿಸುತ್ತೇನೆ, ಒತ್ತಕ್ಷರ ತಪ್ಪಿದ್ದರೆ ಇವತ್ತು ರಾತ್ರಿಯೊಳಗೆ ತಿಳಿಸಿ.

ಪೆರ್ಲದಿಂದ:

ಒತ್ತಕ್ಷರ ಸರಿ ಇದೆ. ‘ಸೊರಸೊರ’ ಅನುಕರಣಾವ್ಯಯ, ಗುಂಡಿಗೆ ವಿಶೇಷಣವಾಗಿ ಕೂರುವುದಿಲ್ಲ. ‘ಸೊರಸೊರದ ಗುಂಡಿ’ ಎಂದಾದರೂ ಮಾಡಿ. ‘ಚಣ’ ತದ್ಭವ, ಇರಲಿ.

ಕುಪ್ಪಂನಿಂದ:

ಅವ್ಯಯಕ್ಕೆ ವಿಬಕ್ತಿ ಹತ್ತಿಸಿದ್ದು ಈಗ ಯಾರು?